ಎರಡು ಕೊಂಬಿನ ರೌಟರ್

ನಮ್ಮ ಅಡಿಗೆಮನೆಯ ಕಿಟಕಿ ಗಾಳಿಗೆ ಬಡಿದುಕೊಳ್ಳದಿರಲೆಂದು ಅದರ ಸಂದಿಗೆ ಒಂದು ಕರಿ ಪ್ಲಾಸ್ಟಿಕ್ ಕಡ್ಡಿ ಸಿಕ್ಕಿಸಿದ್ದೇನೆ. ಗೇಣುದ್ದ, ಬೆರಳುದಪ್ಪ, ಬುಡದಲ್ಲಿ ಬಾಗುವ ಒಂದು ಗಂಟು. ಮೊನ್ನೆ ಪಾತ್ರೆ ತೊಳೆಯಲು ಬರುವ ಗಂಗವ್ವ ಅದನ್ನು ಕಿತ್ತು ತಿರುಗಿಸಿ ನೋಡಿದಳು.

"ಇದೇನ್ರಿ ಬಾಯಾರ?"

"ಕೊಂಬು."

"ಯಾವದರ ಕೊಂಬ್ರಿ?"

"ರೌಟರಿಂದು."

"ಎಮ್ಮಿದು ಕಂಡೇನಿ, ಆಡಿಂದು ಕಂಡೇನಿ. ಆ ಪ್ರಾಣಿ ನಮ್ಮ ಕಡೆ ಇಲ್ಲ ಬಿಡ್ರಿ" ಎಂದು ಅದನ್ನು ಇದ್ದಲ್ಲೇ ಸಿಕ್ಕಿಸಿ ತನ್ನ ಕೆಲಸಕ್ಕೆ ಹೋದಳು.

ತಪ್ಪು ನನ್ನದು. ಅದು ಆಂಟೆನಾ. ಮನೆಯೊಳಗೆ ತಂತಿಯಿಲ್ಲದೆ ಲ್ಯಾಪ್‌ಟಾಪಿಗೆ ಇಂಟರ್ನೆಟ್ ಹಂಚುವ ಡಬ್ಬಿಗೆ ಇದ್ದದ್ದು. ಎರಡು ವರ್ಷ ದುಡಿದು ಒಂದು ಮುಂಗಾರಿನ ಸಿಡಿಲಿಗೆ ಆ ಡಬ್ಬಿ ಸತ್ತಿತು. ಸತ್ತದ್ದರಲ್ಲಿ ಉಪಯೋಗಕ್ಕೆ ಬಂದದ್ದು ಇದೊಂದೇ. ಆದರೂ ಕೇಳಿದ ತಕ್ಷಣ ನನ್ನ ಬಾಯಿಗೆ ಬಂದದ್ದು 'ಕೊಂಬು'. ಆ ಶಬ್ದ ನನ್ನದಲ್ಲ, ನೇಮಣ್ಣ ಕಾಕಾನದು.

ಕಾಕಾ ಎಂದರೆ ನಮ್ಮಪ್ಪನ ತಮ್ಮ. ಮೂಡಲಗಿಯವರು. ನಮ್ಮ ತವರಿನಲ್ಲಿ ಒಂದು ಪದ್ಧತಿ ಇತ್ತು: ಕಾಕಾ ನೋಡದೆ ಯಾವ ವಸ್ತುವೂ ಹೊಸ್ತಿಲು ದಾಟಿ ಒಳಗೆ ಬರುವಂತಿಲ್ಲ. ಎತ್ತು ಅವರೇ ಆರಿಸಬೇಕು. ರೇಡಿಯೋ, ಹೊಲಿಗೆ ಯಂತ್ರ, ಮಿಕ್ಸರ್ ಎಲ್ಲವನ್ನೂ ಅವರೇ ಆರಿಸಿದ್ದು. ಮಿಕ್ಸರನ್ನು ಅಂಗಡಿಯಲ್ಲಿ ಕಿವಿಗೆ ಹಿಡಿದು ಕೇಳಿ, "ದನಿ ಗಟ್ಟಿ ಐತಿ, ಎದಿ ಗಟ್ಟಿ ಐತಿ" ಎಂದು ತಂದಿದ್ದರು. ಅದರ ದನಿ ಎಷ್ಟು ಗಟ್ಟಿಯೆಂದರೆ ಚಟ್ನಿ ರುಬ್ಬುವಾಗ ಓಣಿಯ ನಾಯಿಗಳು ಎದ್ದು ಹೋಗುತ್ತಿದ್ದವು. ನನ್ನ ಗಂಡನನ್ನು ನೋಡಲು ಅವರ ಮನೆಗೆ ಹೋದಾಗಲೂ ಅಷ್ಟೇ. ಊರಿನವರು ಹುಡುಗನ ನೌಕರಿ, ಪಗಾರ ಕೇಳುತ್ತಿದ್ದರೆ ಕಾಕಾ ಮಾತ್ರ, "ತಮ್ಮಾ, ಒಂದ್ ತಂಬಿಗಿ ನೀರ ತಾ" ಎಂದು ಅವರನ್ನು ಪಡಸಾಲೆಯ ಈ ತುದಿಯಿಂದ ಆ ತುದಿಗೆ ನಡೆಸಿ ನೋಡಿದ್ದರಂತೆ. ಹೊರಗೆ ಬಂದು ಹೇಳಿದ್ದು ಇಷ್ಟೇ: "ನಡಗಿ ಚಲೋ ಐತಿ."

ನಡಿಗೆ ಈಗಲೂ ಚೆನ್ನಾಗಿಯೇ ಇದೆ. ಬೇರೆ ವಿಷಯ ಇಲ್ಲಿ ಬೇಡ.

ಇದನ್ನೆಲ್ಲ ಬರೆಯುವ ಮುಂಚೆ ಒಂದು ಎಚ್ಚರಿಕೆ ಕೊಡಬೇಕು. ಧಾರವಾಡದಲ್ಲಿ ಎಂ.ಎ. ಓದುವಾಗಿನಿಂದ ನನಗೆ ದಿನಚರಿ ಬರೆಯುವ ಚಟ. ಇತಿಹಾಸ ಪಾಠ ಮಾಡುವವಳು, ನೆನಪನ್ನು ನಂಬಬೇಡಿ, ದಾಖಲೆ ನೋಡಿ ಎಂದು ವರ್ಷಕ್ಕೆ ನೂರು ಸಲ ಹೇಳುವವಳು. ರೌಟರ್ ಕೊಂಡ ದಿನದ ನನ್ನದೇ ದಾಖಲೆ ಹೀಗಿದೆ: "ಹುಕ್ಕೇರಿ. ಕಾಕಾ. ಎರಡು ಕೊಂಬಿನದು. ಬಸ್ಸಿನಲ್ಲಿ ನಿಂತೇ ಬಂದೆವು." ನನ್ನ ನೆನಪಿನಲ್ಲಿ ಮಾತ್ರ ಕಾಕಾ ಕಿಟಕಿ ಪಕ್ಕ ಕುಳಿತು, ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು, ಘಟಪ್ರಭೆಯವರೆಗೂ ಅದರ ಬೆನ್ನು ಸವರುತ್ತಾ ಬಂದರು. ನಿಂತವರ ತೊಡೆಯ ಮೇಲೆ ಡಬ್ಬಿ ಹೇಗೆ ಕೂರುತ್ತದೆ? ಎರಡರಲ್ಲೊಂದು ಸುಳ್ಳು. ನಿಮಗೆ ಯಾವುದು ಚೆಂದ ಕಾಣುತ್ತದೋ ಅದನ್ನು ಇಟ್ಟುಕೊಳ್ಳಿ.

ಕಾಕಾನ ಹೆಗಲ ಮೇಲೆ ಸದಾ ಒಂದು ಬಿಳಿ ಟವೆಲ್. ಅದು ಮುಖ ಒರೆಸುವುದಕ್ಕಲ್ಲ. ಮೂಡಲಗಿಯ ದನದ ಸಂತೆಯಲ್ಲಿ ಬಾಯಿಬಿಟ್ಟು ರೇಟು ಹೇಳುವುದು ಮರ್ಯಾದೆಯಲ್ಲ. ಕೊಳ್ಳುವವನು, ಮಾರುವವನು ಇಬ್ಬರೂ ಟವೆಲಿನಡಿ ಕೈ ಇಟ್ಟು ಒಬ್ಬರ ಬೆರಳನ್ನೊಬ್ಬರು ಹಿಡಿಯುತ್ತಾರೆ. ಎಷ್ಟು ಬೆರಳು, ಯಾವ ಬೆರಳು, ಎಷ್ಟು ಒತ್ತಿದರು ಎಂಬುದರಲ್ಲೇ ವ್ಯವಹಾರ. ಮೇಲೆ ಮುಖ ನೋಡಿದರೆ ಇಬ್ಬರೂ ಮಳೆ ಬೆಳೆ ಮಾತಾಡುತ್ತಿರುತ್ತಾರೆ. ಕೈ ಕೂಡಿತೆಂದರೆ ಮುಗಿಯಿತು, ಅದು ಕೊಟ್ಟ ಮಾತು. ಮರುದಿನ ಎತ್ತು ಕುಂಟಿದರೂ ತಿರುಗಿಸುವಂತಿಲ್ಲ.

ಆರೇಳು ವರ್ಷದವಳಿದ್ದಾಗ ಕಾಕಾನ ಜೊತೆ ಸಂತೆಗೆ ಹೋಗಿ, ಟವೆಲಿನಡಿ ಏನಿದೆಯೆಂದು ನೋಡುವ ಆಸೆಗೆ ನಾನೂ ಮೆಲ್ಲಗೆ ಕೈ ತೂರಿಸಿದ್ದೆ. ಮಾರುವವನಿಗೆ ಒಂದು ಬೆರಳು ಹೆಚ್ಚು ಸಿಕ್ಕಿತು. ಅವನು ಹಿರಿಹಿರಿ ಹಿಗ್ಗಿ ಒಪ್ಪಿಬಿಟ್ಟ. ಕಾಕಾ ಟವೆಲ್ ಸರಿಸಿ ನೋಡಿದರೆ ಒಳಗೆ ನನ್ನ ಕಿರುಬೆರಳು. ಅವರು ವಾದ ಮಾಡಲಿಲ್ಲ. "ನಮ್ಮ ಮನಿ ಬೆರಳ, ನಮ್ಮ ಮಾತ" ಎಂದು ಆ ರೇಟಿಗೇ ಎತ್ತು ಹೊಡೆದುಕೊಂಡು ಬಂದರು. ಕೈ ತೂರಿಸಿದ್ದು ನೀನಲ್ಲ, ನಿಮ್ಮಣ್ಣ ಎಂದು ಕಾಕಾನ ಹೆಂಡತಿ, ನಮ್ಮ ಕಾಕೂ, ಇವತ್ತಿಗೂ ಹೇಳುತ್ತಾಳೆ. ನನಗೆ ಆ ಮಾರುವವನ ಅಂಗೈಯ ಬೆವರು ಕೂಡ ನೆನಪಿದೆ. ಅಣ್ಣನ ನೆನಪನ್ನು ನಾನು ಕದ್ದಿರಬಹುದು. ಬೆವರನ್ನೂ ಕದಿಯಲು ಬರುತ್ತದೆಯೇ?

ಅಂಥ ಕಾಕಾ ಒಮ್ಮೆ ತಪ್ಪಿದರು. ಅವರು ಕೈ ಕೊಟ್ಟು ತಂದ ಒಂದು ಬಿಳಿ ಎತ್ತು ನೋಡಲು ರಾಜನಂತಿತ್ತು. ಗಳೇ ಹೂಡಿದರೆ ಮಾತ್ರ ಎರಡು ಸಾಲಿಗೆ ಹೊಲದಲ್ಲಿ ಕುಳಿತುಬಿಡುತ್ತಿತ್ತು. ಬಾಲ ತಿರುಚಿದರೂ ಏಳದು, ಬೆಲ್ಲ ತೋರಿಸಿದರೂ ಏಳದು. ತಿರುಗಿಸಿ ಬರೋಣ ಎಂದು ಅವರ ಮಗ ಬಾಬು ಹೇಳಿದ. ಕಾಕಾ ಒಪ್ಪಲಿಲ್ಲ. ಕುಳಿತುಕೊಳ್ಳುವ ಎತ್ತಿಗೆ ಮೂರು ವರ್ಷ ಮೇವು ಹಾಕಿದರು. ಆಮೇಲೆ ಬಾಬು ಟ್ರ್ಯಾಕ್ಟರ್ ತಂದ, ಅಪ್ಪನನ್ನು ಕೇಳಲಿಲ್ಲ. ಟೀವಿ ತಂದ, ಕೇಳಲಿಲ್ಲ. ಮನೆಗೆ ಕುರ್ಚಿಗಳು ಬಂದವು, ಕಾಕಾ ಅವುಗಳ ಮೇಲೆ ಕುಳಿತುಕೊಳ್ಳದೆ ಕಟ್ಟೆಯ ಮೇಲೇ ಇರತೊಡಗಿದರು.

ನಮ್ಮ ಮನೆಗೆ ಆಗ ಹೊಸದಾಗಿ ಇಂಟರ್ನೆಟ್ ಬಂದಿತ್ತು. ಗೋಕಾಕದ ನಮ್ಮ ಪಡಸಾಲೆಯಲ್ಲಿ ಫೋನು, ಫೋನಿನ ಪಕ್ಕ ಫೋನಿನವರು ಕೊಟ್ಟ ಒಂದು ಸಣ್ಣ ಡಬ್ಬಿ, ಅದರಿಂದ ನನ್ನ ಲ್ಯಾಪ್‌ಟಾಪಿಗೆ ಎರಡು ಮಾರು ತಂತಿ. ಅದರ ಬಾಜೂಕ್ಕೇ ಅತ್ತೆಯ ಟೀವಿ. ಮಡಿಲಲ್ಲಿ ಇಟ್ಟುಕೊಂಡು ಕೂರುವ ಯಂತ್ರ ಕೊಂಡು ನಾನು ಗೂಟಕ್ಕೆ ಕಟ್ಟಿದ ಕರುವಿನಂತೆ ಅಲ್ಲೇ ಕೂರಬೇಕಾಗಿತ್ತು. ಅತ್ತೆ ಆ ತಂತಿಯ ಮೇಲೆ ಕರವಸ್ತ್ರ ಒಣಹಾಕುತ್ತಿದ್ದರು. ತಂತಿಯಿಲ್ಲದ ಡಬ್ಬಿ ಕೊಳ್ಳೋಣವೆಂದು ನಾನು ಯೋಚಿಸುತ್ತಿದ್ದ ವಾರದಲ್ಲೇ ಕಾಕೂ ಫೋನ್ ಮಾಡಿದಳು.

"ಪದ್ದಿ, ನೀ ಏನರ ಕೊಳ್ಳಾಕಿ ಇದ್ದೀಯೇನ?"

"ಯಾಕ ಕಾಕೂ?"

"ಏನರ ಇದ್ರ ಅವರ್ನ ಕರಿಯವ್ವಾ. ದಿನಾ ಆ ಟವೆಲ್ ಒಗದು ಮಡಚಿ ಘಳಿಗಿ ಮಾಡಿ ಇಟಗೋತಾರ, ಎಲ್ಲೂ ಹೋಗೂದಿಲ್ಲ. ಊಟಾನೂ ಅರ್ಧಾ ಆಗೇತಿ. ಸಾಬೂನ ಕೊಳ್ಳೂದಿದ್ರೂ ಕರಿ."

ಕರೆದೆ. ಅವರಿಗಾಗಿ ಕರೆದೆನೋ, ತಮಾಷೆ ನೋಡಲು ಕರೆದೆನೋ, ದಿನಚರಿ ಬಾಯಿ ಬಿಡುವುದಿಲ್ಲ.

ಗೋಕಾಕದಲ್ಲಿ ವಿಚಾರಿಸಿದರೆ ಎಂಟು ದಿನ ತಡೀರಿ, ಬೆಳಗಾವಿಯಿಂದ ತರಿಸಬೇಕು ಎಂದರು. ಅರಭಾವಿಯಿಂದ ಬಸ್ಸಿಗೆ ಬರುವ ನನ್ನ ಸಹೋದ್ಯೋಗಿಯೊಬ್ಬಳು, ಹುಕ್ಕೇರಿಯಲ್ಲಿ ಬೀರೇಶ ಎಂಬುವವನ ಅಂಗಡಿಯಲ್ಲಿ ಮೂರು ನಮೂನೆ ಇವೆ ಎಂದಳು. ನಾನು ಪೂರ್ವಸಿದ್ಧತೆ ಮಾಡಿಕೊಂಡೆ. ಇಂಟರ್ನೆಟ್ಟಿನಲ್ಲಿ ಓದಿ ದಿನಚರಿಯ ಒಂದು ಹಾಳೆಯಲ್ಲಿ ಲಕ್ಷಣಗಳನ್ನು ಇಳಿಸಿಕೊಂಡೆ: ವೇಗ, ದೂರ, ಪಾಸ್‌ವರ್ಡಿನ ಭದ್ರತೆ. ಕೊನೆಗೆ ಎರಡು ಗೆರೆ ಎಳೆದು, "ಫೋನ್ ತಂತಿ ಸೇರುವ ತೂತು ಇರಲೇಬೇಕು." ಹಳೆ ಡಬ್ಬಿ ತೆಗೆದು ಅದೇ ಜಾಗಕ್ಕೆ ಹೊಸದನ್ನು ಕೂರಿಸುವುದು ಎಂದು ನನ್ನ ತಿಳುವಳಿಕೆ.

ಹುಕ್ಕೇರಿ ಬಸ್‌ಸ್ಟ್ಯಾಂಡಿನ ಎದುರಿಗೇ ಬೀರೇಶನ ಅಂಗಡಿ. ಅರ್ಧ ಝೆರಾಕ್ಸ್, ಅರ್ಧ ಕಂಪ್ಯೂಟರ್. ಮೂವತ್ತರ ಆಸುಪಾಸಿನ ಕುರುಬರ ಮನೆಯವನು. ಗಾಜಿನ ಮೇಲೆ ಮೂರು ಡಬ್ಬಿ ಇಟ್ಟ. ನಾನು ಹಾಳೆ ತೆಗೆದು ಓದಲು ಶುರುಮಾಡಿದೆ.

"ಪದ್ದಿ, ಆ ಚೀಟಿ ಒಳಗ ಇಡು" ಎಂದರು ಕಾಕಾ. "ವ್ಯಾಪಾರಿ ಮುಂದ ನಮಗೇನ ಬೇಕಂತ ಯಾರರ ಓದಿ ಹೇಳತಾರೇನ?"

ಚೀಟಿ ಒಳಗೆ ಹೋಯಿತು. ಹೋದದ್ದು ಹೊರಗೆ ಬರಲೇ ಇಲ್ಲ.

ಕಾಕಾ ಮೊದಲನೆಯದನ್ನು ಎತ್ತಿದರು. ಒಂದೇ ಆಂಟೆನಾ. "ಒಂಟಿ ಕೊಂಬಿಂದು. ಬ್ಯಾಡ. ಇಂಥಾವು ಹಾಯತಾವು."

"ಹಾಯೂದಿಲ್ರಿ ಅಜ್ಜಾರ, ಗ್ಯಾರಂಟಿ ಐತಿ."

"ಹಾಯೂದಿಲ್ಲ ಅಂತ ಬರದ ಕೊಟ್ಟಾರೇನು?"

ಬೀರೇಶ ಗ್ಯಾರಂಟಿ ಕಾರ್ಡ್ ತಿರುಗಿಸಿ ನೋಡಿದ. ಹಾಗೆ ಬರೆದಿರಲಿಲ್ಲ.

ಎರಡನೆಯದಕ್ಕೆ ಕೊಂಬೇ ಇಲ್ಲ. ಕಾಕಾ ಅದನ್ನು ಎತ್ತಿ ನೋಡಲೂ ಇಲ್ಲ. "ಬೋಳ" ಎಂದು ಆಚೆ ಸರಿಸಿದರು. ಮೂರನೆಯದು ಎರಡು ಕೊಂಬಿನದು. ಅಂಗೈಯಲ್ಲಿಟ್ಟು ತೂಗಿದರು, ಹೊಟ್ಟೆ ತಟ್ಟಿದರು, ಕೊಂಬು ಹಿಡಿದು ಹಿಂದೆ ಮುಂದೆ ಬಗ್ಗಿಸಿದರು. ಆಮೇಲೆ ಹಿಂಬದಿ ತಿರುಗಿಸಿ ತೂತುಗಳನ್ನು ಎಣಿಸಿದರು.

"ನಾಕ ಹಲ್ಲ. ಇನ್ನ ಹರೇದ್ದು. ಅಂಚಿಗೆ ಇದೊಂದ್ಯಾಕ ಬ್ಯಾರೇ ಬಣ್ಣದ್ದು?"

"ಅದರಾಗ ಒಳಗ ತಗೋತೈತ್ರಿ, ಉಳದ ನಾಕರಾಗ ಹೊರಗ ಕೊಡತೈತ್ರಿ."

"ಒಂದ ಬಾಯಿಲೆ ತಿಂದು ನಾಕ ಕಡೆ ಕೊಡತೈತಿ? ಹಂಗಾದ್ರ ಇದು ಎತ್ತಲ್ಲೋ, ಆಕಳ."

ಝೆರಾಕ್ಸಿಗೆ ಬಂದಿದ್ದವರು ತಮ್ಮ ಕೆಲಸ ಬಿಟ್ಟು ಸುತ್ತ ನಿಂತರು. ನಾನು ಗೋಡೆಯ ಕ್ಯಾಲೆಂಡರ್ ಓದುವವಳಂತೆ ನಟಿಸಿದೆ. ಕಾಕಾ ಬಿಡಲಿಲ್ಲ. "ನಡಸಿ ತೋರಸು" ಎಂದರು. ಬೀರೇಶ ಕರೆಂಟ್ ಕೊಟ್ಟ. ಹಸಿರು ದೀಪಗಳು ಮಿಣುಕತೊಡಗಿದವು.

"ಕಣ್ಣ ಪಿಳಿಪಿಳಿ ಮಾಡತೈತಿ. ಅಂಜುಬುರಕ ಐತೇನ?"

"ಪಿಳಿಪಿಳಿ ಅಂದ್ರ ಕೆಲಸ ಮಾಡಾಕತ್ತೈತಿ ಅಂತರಿ. ಸುಮ್ಮನ ಆದ್ರನ ಕೆಟ್ಟದ್ದು."

"ಅದೂ ಖರೆ" ಎಂದು ಒಪ್ಪಿ, ಕಾಕಾ ಕೊನೆಯ ಪ್ರಶ್ನೆ ಕೇಳಿದರು. "ಇವರ ಮನ್ಯಾಗ ಫೋನಿನವರು ಕೊಟ್ಟ ಡಬ್ಬಿ ಒಂದ ಐತಿ. ಅದರ ಜೋಡಿ ಹೊಂದತೈತೇನ ಇದು?"

"ಹೊಂದತೈತ್ರಿ."

ಇದೂ ಸಂತೆಯ ಮಾತೇ. ಎತ್ತು ಕೊಳ್ಳುವವನು ಒಂಟಿ ಎತ್ತು ನೋಡುವುದಿಲ್ಲ, ಮನೆಯಲ್ಲಿರುವುದರ ಎತ್ತರಕ್ಕೆ, ಹೆಜ್ಜೆಗೆ ಸರಿಹೋಗುವುದನ್ನು ನೋಡುತ್ತಾನೆ. ನಾನು ಕ್ಯಾಲೆಂಡರಿನತ್ತ ಮುಖಮಾಡಿ ನಕ್ಕೆ.

ಆಗ ಕಾಕಾ ಹೆಗಲಿನಿಂದ ಟವೆಲ್ ತೆಗೆದರು. ಬೀರೇಶನ ಬಲಗೈ ಹಿಡಿದು ಗಾಜಿನ ಮೇಲಿಟ್ಟು ಮುಚ್ಚಿದರು. ಹುಡುಗ ಕಿವಿಯವರೆಗೆ ಕೆಂಪಾದ. "ಅಜ್ಜಾರ, ಮ್ಯಾಲ ಚೀಟಿ ಅಂಟಿಸ್ಯಾರ್ರಿ, ರೇಟ್ ಬರದೈತಿ" ಎಂದ. ಕಾಕಾ ಅವನ ಮುಖ ನೋಡಿ, "ಈ ಸಲ ಮಳಿ ಹೆಂಗೈತಿ ನಿಮ್ಮ ಕಡೆ?" ಎಂದರು. ಒಂದು ಕ್ಷಣ ಏನೂ ಆಗಲಿಲ್ಲ. ಆಮೇಲೆ ಟವೆಲ್ ಅಲ್ಲಾಡಿತು. ಬೀರೇಶನ ಮುಖ ಬದಲಾಯಿತು. "ಮಳಿ... ಪರವಾಗಿಲ್ರಿ" ಎಂದ. ಟವೆಲ್ ಮತ್ತೆ ಅಲ್ಲಾಡಿತು. "ಯಮಕನಮರಡಿ ಕಡೆ ಇನ್ನೂ ಚಲೋ ಆಗೇತಂತ್ರಿ" ಎಂದ.

ಕಾಕಾ ಕೈ ಕುಲುಕಿ ಟವೆಲ್ ತೆಗೆದರು. "ನಿಮ್ಮ ಅಜ್ಜ ಕಂಬಳ್ಯಾಗ ಕೈ ಇಟ್ಟು ಕುರಿ ಮಾರಿದಾಂವ. ಹೌದೋ ಅಲ್ಲೋ?"

"ಹೌದ್ರಿ. ಸಣ್ಣಾಂವ ಇದ್ದಾಗ ನನಗೂ ಕಲಿಸಿದ್ದ. ಇಲ್ಲೀತನಾ ಕೆಲಸಕ್ಕ ಬಂದಿರಲಿಲ್ಲ."

ನಿಂತವರು ಚಪ್ಪಾಳೆ ಹೊಡೆದರು ಎಂದು ಬರೆಯುವ ಆಸೆಯಾಗುತ್ತಿದೆ. ಹೊಡೆದಿರಲಿಕ್ಕಿಲ್ಲ. ಒಬ್ಬರು, "ನನಗೂ ಒಂದ ಪೆನ್ ಡ್ರೈವ್ ಆರಿಸಿ ಕೊಡ್ರಿ ಕಾಕಾ" ಎಂದದ್ದು ಮಾತ್ರ ಖಂಡಿತ. ಕಾಕಾ ತಮ್ಮ ಮನೆಯ ಫೋನ್ ನಂಬರನ್ನು ಬೀರೇಶನ ಕ್ಯಾಲೆಂಡರಿನ ಮೇಲೆ ಬರೆಸಿ ಹೊರಟರು. ಕೈ ಕೊಟ್ಟವರ ವಿಳಾಸ ಇಟ್ಟುಕೊಳ್ಳುವುದೂ ಸಂತೆಯ ಪದ್ಧತಿ.

ಮರುದಿನ ಡಬ್ಬಿ ಬಿಚ್ಚಿ ಫೋನ್ ತಂತಿ ಹಿಡಿದು ಕುಳಿತೆ. ಐದು ತೂತುಗಳೂ ದೊಡ್ಡವು. ಫೋನಿನ ಪಿನ್ನು ಅಪ್ಪನ ಚಪ್ಪಲಿಯೊಳಗೆ ಮಗುವಿನ ಕಾಲಿಟ್ಟಂತೆ ಒಳಗೆ ಹೋಗಿ ಲಟಪಟ ಎಂದಿತು. ಎರಡು ಗೆರೆ ಎಳೆದಿದ್ದ ಒಂದೇ ಒಂದು ಲಕ್ಷಣ, ಅದೇ ಇಲ್ಲ. ಅತ್ತೆ ಬಂದು ನೋಡಿ, "ಕೊಂಬ ಚಲೋ ಅದಾವಲ್ಲ" ಎಂದರು. ಅಳು ಬರುವುದೊಂದು ಬಾಕಿ.

ಬಾಕಿಯಿದ್ದದ್ದು ಸಂಜೆಗೆ ಬಂತು. ಕಾಕಾನ ಫೋನ್. "ಪದ್ದಿ, ಹೆಂಗೈತಿ? ಹೊಸಾ ಮನಿಗಿ ಹೊಂದಕೊಂಡೈತೇನ?"

"ಚಲೋ ಐತ್ರಿ ಕಾಕಾ. ಪಿಳಿಪಿಳಿ ಅನ್ನಾಕತ್ತೈತಿ." ಅಷ್ಟು ನಿಜ. ಕರೆಂಟ್ ಕೊಟ್ಟರೆ ಅದು ಪಿಳಿಪಿಳಿ ಅನ್ನುತ್ತಿತ್ತು, ಅಷ್ಟೇ.

ಫೋನು ಕಾಕೂನ ಕೈಗೆ ಹೋಯಿತು. ದನಿ ಇಳಿಸಿ ಹೇಳಿದಳು: "ಪದ್ದಿ, ಇವತ್ತ ಮುಂಜಾನಿ ಎರಡ ರೊಟ್ಟಿ ಹೆಚ್ಚಿಗಿ ತಿಂದಾರ. ಕಟ್ಟಿ ಮ್ಯಾಲ ಕುಂತ ಹೋಗೋರ ಬರೋರಿಗೆಲ್ಲ ಡಬ್ಬಿ ಸುದ್ದೀನ. ಬಾಬೂನೂ ನಿಂತ ಕೇಳಿದಾ."

ಈಗ ಹೇಳಿ, ನೀವಾಗಿದ್ದರೆ ಏನು ಮಾಡುತ್ತಿದ್ದಿರಿ? ಡಬ್ಬಿ ತಪ್ಪು ಎಂದರೆ ಕಾಕಾ ಮತ್ತೆ ಕಟ್ಟೆಗೆ. ಸುಮ್ಮನಿದ್ದರೆ ನಾನು ಮತ್ತೆ ಗೂಟಕ್ಕೆ. ತಿರುಗಿಸೋಣವೆಂದರೆ ಟವೆಲಿನಡಿ ಕೊಟ್ಟ ಕೈ. ವಿದ್ಯಾವಂತರು ಇಂಥಲ್ಲಿ ಮಾಡುವುದನ್ನೇ ನಾನೂ ಮಾಡಿದೆ: ಕದ್ದು ತಿರುಗಿಸಿ, ಅಂಥದ್ದೇ ಕೊಂಬಿನ, ಫೋನ್ ತೂತಿರುವ ಇನ್ನೊಂದನ್ನು ತಂದಿಟ್ಟು ಬಾಯಿ ಮುಚ್ಚಿಕೊಂಡಿರುವುದು.

ರಜೆ ಹಾಕಿ, ಡಬ್ಬಿಯನ್ನು ಹಳೆ ಸೀರೆಯಲ್ಲಿ ಸುತ್ತಿ, ಅದರ ಮೇಲೆ ಬದನೆಕಾಯಿ ಇಟ್ಟು ಚೀಲ ಹಿಡಿದು ಹೊರಟೆ. ಘಟಪ್ರಭೆಯಲ್ಲಿ ಬಸ್ಸು ಬದಲಿಸುವಾಗ ಮೂಡಲಗಿಯ ಪರಿಚಿತರೊಬ್ಬರು ಸಿಕ್ಕು, "ಎತ್ತಾಗ ಹೊಂಟೀರಿ ಬಾಯಾರ?" ಎಂದರು. "ಬದನಿಕಾಯಿ ಕೊಡಾಕ್ರಿ" ಎಂದೆ. ಗೋಕಾಕದಿಂದ ಹುಕ್ಕೇರಿಗೆ ಬದನೆಕಾಯಿ ಹೊತ್ತು ಹೋದವಳು ಇತಿಹಾಸದಲ್ಲಿ ನಾನೊಬ್ಬಳೇ ಇರಬೇಕು.

ವಿಷಯ ಕೇಳಿ ಬೀರೇಶನ ಮುಖ ಸಣ್ಣದಾಯಿತು. "ಅಜ್ಜಾರ ಕೈ ಕೊಟ್ಟಾರಲ್ರಿ ಮೇಡಂ" ಎಂದ. ನಾನು ಬದನೆಕಾಯಿ ಸರಿಸಿ ಡಬ್ಬಿ ಹೊರಗೆ ತೆಗೆದೆ. "ಒಂದ ನಿಮಿಷ ರಿ" ಎಂದು ಮೊಬೈಲ್ ಹಿಡಿದು ಹೊರಗೆ ಹೋದ. ತಿರುಗಿ ಬಂದು ಹೇಳಿದ, "ಆತ್ರಿ, ತಗೋತೇನಿ. ಆದ್ರ ಏನಾತು ಅಂತ ಹೇಳ್ರಿ."

ಹೇಳಿದೆ. ಅವನು ನನ್ನನ್ನು ಝೆರಾಕ್ಸಿಗೆ ಖಾಲಿ ಹಾಳೆ ಕೊಟ್ಟವರನ್ನು ನೋಡುವಂತೆ ನೋಡಿದ.

"ಮೇಡಂ, ಇದಕ್ಕ ಫೋನ್ ತಂತಿ ಯಾಕ ಬೇಕ್ರಿ? ಮನ್ಯಾಗಿನ ಡಬ್ಬಿ ತಗಿಯೂದಲ್ಲ. ಅದೂ ಇರಬೇಕು, ಇದೂ ಇರಬೇಕು. ಅದರಿಂದ ಇದರ ಈ ಬ್ಯಾರೇ ಬಣ್ಣದ ತೂತಿಗೆ ಒಂದ ವಾಯರ್, ಮುಗೀತು. ಡಬ್ಬಿ ಜೋಡಿನ ಇಟ್ಟಿದ್ದೇನಲ್ರಿ. ಜೋಡಿ ಹೊಂದತೈತೇನಂತ ಅಜ್ಜಾರು ಕೇಳಿದ್ರಲ್ಲ, ನೀವು ಅಲ್ಲೇ ನಿಂತಿದ್ರಿ."

ನಿಂತಿದ್ದೆ. ಕ್ಯಾಲೆಂಡರ್ ಓದುತ್ತಿದ್ದೆ. ಆ ವಾಯರನ್ನು ನಾನು ಮನೆಯಲ್ಲಿ, ಉಪಯೋಗಕ್ಕೆ ಬಾರದ್ದೆಂದು ಸುರುಳಿ ಸುತ್ತಿ ಕಪಾಟಿನ ಮೇಲೆ ಇಟ್ಟುಬಂದಿದ್ದೆ. ಬೀರೇಶನಿಗೆ ಬದನೆಕಾಯಿ ಕೊಟ್ಟು, ಅದೇ ಡಬ್ಬಿ ಹೊತ್ತು ವಾಪಸ್ಸು ಬಂದೆ.

ಸಂಜೆ ಮನೆಯೊಳಗಿನ ಕೋಣೆಯಲ್ಲಿ, ಬಾಗಿಲು ಹಾಕಿಕೊಂಡು, ಲ್ಯಾಪ್‌ಟಾಪ್ ತೆರೆದೆ. ಯಾವ ತಂತಿಯೂ ಇಲ್ಲದೆ ಒಂದು ಪುಟ ತೆರೆದುಕೊಂಡಿತು. ಪಡಸಾಲೆಯಿಂದ ಅತ್ತೆಯ ದನಿ ಬಂತು: "ಪದ್ಮಾ, ತಂತಿ ಯಾಕ ತಗದಿ? ನನ್ನ ಕರವಸ್ತ್ರ ಎಲ್ಲಿ ಹಾಕ್ಲಿ?"

ಮುಂದಿನ ವಾರ ಕಾಕಾ ಬಂದರು. ಬೆಲ್ಲದ ಪೆಂಟೆ ಅತ್ತೆಯ ಕೈಗೆ ಕೊಟ್ಟು ಸೀದಾ ಡಬ್ಬಿಯ ಹತ್ತಿರ ಹೋದರು. ಹಳೆಯದು, ಹೊಸದು ಒಂದರ ಪಕ್ಕ ಒಂದು ಮಿಣುಕುತ್ತಿದ್ದವು. ನಾನು ಕೇಳುವ ಮುಂಚೆಯೇ ಶುರುಮಾಡಿದೆ: ತಂದ ದಿನವೇ ಹಚ್ಚಿದೆ, ಒಂದು ದಿನವೂ ತಕರಾರಿಲ್ಲ, ನಿಮ್ಮ ಕಣ್ಣು ಕಣ್ಣೇ, ಇತ್ಯಾದಿ. ಕಾಕಾ ಎಲ್ಲವನ್ನೂ ತಲೆಯಾಡಿಸುತ್ತಾ ಕೇಳಿದರು. ನಾನು ಉಸಿರು ತೆಗೆದುಕೊಳ್ಳಲು ನಿಂತಾಗ ಕೇಳಿದರು:

"ಹುಕ್ಕೇರಿ ಬಸ್ಸಿನ್ಯಾಗ ಜಾಗಾ ಸಿಕ್ಕಿತ್ತೇನ?"

ನಾನು ಸೆರಗಿನಿಂದ ಡಬ್ಬಿಯ ಮೇಲಿಲ್ಲದ ಧೂಳು ಒರೆಸತೊಡಗಿದೆ.

"ಆ ಹುಡುಗ ಫೋನ್ ಮಾಡಿದ್ದ. ಅಜ್ಜಾರ, ನಿಮ್ಮ ಮಗಳು ತಿರಗಿ ಕೊಡಾಕ ಬಂದಾರ, ತಗೊಳ್ಳೋ ಬ್ಯಾಡೋ ಅಂತ. ಕೈ ಕೊಟ್ಟಾಂವನ್ನ ಕೇಳಬೇಕಲ್ಲ? ಸಂಸ್ಕಾರ ಐತಿ ಹುಡುಗಗ."

"ನೀವು... ಏನಂದ್ರಿ?"

"ತಗೋ ಅಂದೆ."

ಕುಳಿತುಕೊಳ್ಳುವ ಎತ್ತಿಗೆ ಮೂರು ವರ್ಷ ಮೇವು ಹಾಕಿದ ಮನುಷ್ಯ. ನನಗೆ ಅವರ ಮುಖ ನೋಡಲಾಗಲಿಲ್ಲ. ಟವೆಲ್ ನೋಡಿದೆ. ನೀಟಾಗಿ ಮಡಚಿತ್ತು.

"ಎತ್ತ ಮಾತ್ರ ತಿರಗಿಸಲಿಲ್ಲಲ್ರಿ ಕಾಕಾ. ಬಾಬು ಎಷ್ಟ ಹೇಳಿದ್ರೂ."

"ಎತ್ತ ನನ್ನ ಮನ್ಯಾಗ ಕುಂತಿತ್ತು, ನಾ ಮೇವ ಹಾಕಿದೆ. ಇದು ನಿನ್ನ ಮನ್ಯಾಗ. ನನ್ನ ಕೈಮಾತಿಗೆ ನೀ ಯಾಕ ಮೇವ ಹಾಕಬೇಕು?" ಎಂದು ಒಂದು ಕೊಂಬನ್ನು ತುಸು ಹೊರಳಿಸಿ ಸರಿಮಾಡಿದರು. "ಖರೆ ಹೇಳಬೇಕಂದ್ರ, ಫೋನ್ ಇಟ್ಟಮ್ಯಾಲ ಊಟಾ ಸೇರಲಿಲ್ಲ. ಸಂಜಿಗೆ ಆ ಹುಡುಗ ತಾನ ಮತ್ತ ಫೋನ್ ಮಾಡಿ, ಡಬ್ಬಿ ತಿರಗಿ ಒಯ್ದಾರ್ರಿ, ವಾಯರ್ ಮನ್ಯಾಗ ಮರತು ಬಂದಿದ್ರು ಅಂದಾ. ಆಮ್ಯಾಲ ಉಂಡೆ."

ವಾಯರ್ ಮರೆತದ್ದು ಎಂದು ಹೇಳಿ ನನ್ನ ಮಾನ ಉಳಿಸಿದ ಬೀರೇಶ. ಅಥವಾ ಹಾಗೆ ಹೇಳಿ ಉಳಿಸಿದ್ದು ಕಾಕಾನೋ ಏನೋ. ನಾನು ಇಬ್ಬರನ್ನೂ ಕೇಳಿಲ್ಲ.

ಚಹಾ ಕುಡಿದು ಎದ್ದರು. ಹೊಸ್ತಿಲ ಬಳಿ ಚಪ್ಪಲಿ ಮೆಟ್ಟುತ್ತಾ, ಅಂಥ ದೊಡ್ಡ ವಿಷಯವೇನಲ್ಲ ಎಂಬಂತೆ ಹೇಳಿದರು: "ಬಾಬು ಮೊಬೈಲ್ ತಗೋತಾನಂತ. ಅಪ್ಪಾ, ನೀವೂ ಬರ್ರಿ ಅಂದಾನ. ಐತವಾರ ಹೋಗೂದು."

"ಚಲೋ ಆತಲ್ರಿ!"

"ನೀನೂ ಬಾ."

"ನಾ ಯಾಕ್ರಿ ಕಾಕಾ? ಆರಿಸಾಕ ನೀವು ಇದ್ದೀರಲ್ಲ."

"ಆರಿಸೂದು ನಾ, ಕೈ ಕೊಡೂದು ನಾ. ತಿರಗಿಸೂದ ಬಂದ್ರ ನೀ" ಎಂದು ಟವೆಲ್ ಹೆಗಲಿಗೆ ಹಾಕಿಕೊಂಡರು. "ಅದಕ್ಕ ಮನ್ಯಾಗ ಓದಿದವರು ಒಬ್ಬರು ಬೇಕು."

ಹೋದೆ. ಹದಿನೈದು ದಿನಕ್ಕೆ ಆ ಮೊಬೈಲನ್ನು ತಿರುಗಿಸಿದವಳೂ ನಾನೇ.